ಶಿರಸಿ ಕಾಳುಮೆಣಸು ನೇಪಾಳಕ್ಕೆ: ಎರಡೂ ಕಡೆಯ ಸಸ್ಯ ಕ್ವಾರಂಟೈನ್ ನಿಯಮ ಹೊಂದಿಸುವ ಬಗೆ

ಸಸ್ಯ ಕ್ವಾರಂಟೈನ್ ಅಂದರೆ ಸರಕಿನ ಜತೆ ಕೀಟ, ರೋಗ ಗಡಿ ದಾಟದಂತೆ ತಡೆಯುವ ನಿಯಮ. ನೇಪಾಳದ ಖರೀದಿದಾರರು ಅಲ್ಲಿನ ಆಮದು ಪರವಾನಗಿಯ ಪ್ರತಿ ಕಳಿಸುವವರೆಗೆ ನಾನು ಒಂದು ಚೀಲವನ್ನೂ ಹೊಲಿಸುವುದಿಲ್ಲ. ಪರವಾನಗಿಯ ಷರತ್ತುಗಳನ್ನು ಹಾಳೆಯ ಎಡಕ್ಕೆ, ನಮ್ಮ ಗೋದಾಮಿನಲ್ಲಿ ಈಗಾಗಲೇ ನಡೆಯುವ ಕೆಲಸವನ್ನು ಬಲಕ್ಕೆ ಬರೆದರೆ ಎಲ್ಲಿ ಹೊಂದುತ್ತದೆ, ಎಲ್ಲಿ ಕೊರತೆ ಇದೆ ಎಂದು ಗೊತ್ತಾಗುತ್ತದೆ. ಬಿಗಿ ಇರುವ ನಿಯಮವನ್ನೇ ಇಡೀ ಸರಕಿಗೆ ಹಿಡಿಯುತ್ತೇನೆ.

ತೇವಾಂಶಕ್ಕೆ ನಮ್ಮ ಆಹಾರ ಮಾನದಂಡದ ಮಿತಿ ಶೇ. 13. ನಾನು 11 ದಾಟಿದ್ದನ್ನು ತುಂಬಿಸುವುದಿಲ್ಲ. ಘಟ್ಟದ ಮಳೆಗಾಲದಲ್ಲಿ ಕಾಳು ಗಾಳಿಯ ತೇವವನ್ನು ಹೀರುತ್ತದೆ. ನೇಪಾಳ ಗಡಿಯ ಬಿಹಾರದ ಊರು ರಕ್ಸೌಲ್‌ವರೆಗಿನ ದಾರಿಯಲ್ಲಿ ತಾಡಪಾಲಿನ ಕೆಳಗೆ ನೀರಾಡಿ ಬೂಸ್ಟು ಹಿಡಿಯುತ್ತದೆ.

ಹೆಚ್ಚು ಎಡವುವುದು ಫ್ಯೂಮಿಗೇಷನ್‌ನಲ್ಲಿ, ಅಂದರೆ ಸರಕನ್ನು ಮುಚ್ಚಿ ವಿಷಾನಿಲದಿಂದ ಕೀಟ ಕೊಲ್ಲುವುದರಲ್ಲಿ. ಒಣ ಸರಕಿಗೆ ಮಿಥೈಲ್ ಬ್ರೋಮೈಡ್ ಅನಿಲ ಘನ ಮೀಟರಿಗೆ 32 ಗ್ರಾಂ, 21 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚು ಉಷ್ಣತೆಯಲ್ಲಿ 24 ಗಂಟೆ; ಭಾರತವೂ ತನ್ನ ಅನೇಕ ಆಮದುಗಳಿಗೆ ಇದನ್ನೇ ಕೇಳುತ್ತದೆ. ಆದರೆ ಚೀಲಗಳ ಕೆಳಗಿನ ಮರದ ಪ್ಯಾಲೆಟ್‌ಗೆ (ಹಲಗೆಯ ಅಡಿಗೆ) ಮರದ ಪ್ಯಾಕಿಂಗ್‌ನ ಅಂತರರಾಷ್ಟ್ರೀಯ ಮಾನದಂಡ 15 (ಐಎಸ್‌ಪಿಎಂ 15) ಅದೇ ಉಷ್ಣತೆಗೆ 48 ಗ್ರಾಂ ಹೇಳುತ್ತದೆ. 32 ಗ್ರಾಂನ ಒಂದೇ ಡೋಸ್‌ನಲ್ಲಿ ಎರಡನ್ನೂ ಮುಗಿಸಲು ಹೋದರೆ ಪ್ಯಾಲೆಟ್ ತಿರಸ್ಕೃತವಾಗುತ್ತದೆ. ಹಾಗಾಗಿ ಮರದ ಒಳತಿರುಳು 56 ಡಿಗ್ರಿಯಲ್ಲಿ ಸತತ 30 ನಿಮಿಷ ಕಾದ, ಆ ಮಾನದಂಡದ ಮುದ್ರೆ ಬಿದ್ದ ಪ್ಯಾಲೆಟ್ ಕೊಳ್ಳುತ್ತೇನೆ. ಇನ್ನೊಂದು: ಪ್ಲಾಸ್ಟಿಕ್ ಒಳಪದರದ ಚೀಲಕ್ಕೆ ಅನಿಲ ಸರಿಯಾಗಿ ಇಳಿಯುವುದಿಲ್ಲ. ಹೊಸ ಗೋಣಿಯಲ್ಲಿ ಅನಿಲ ಹಾಕಿಸಿ, ಗಾಳಿಗೆ ಬಿಟ್ಟ ಮೇಲೆಯೇ ಒಳಪದರ ಸೇರಿಸಬೇಕು. ಪರವಾನಗಿ ಫಾಸ್ಫೀನ್ ಎಂಬ ಇನ್ನೊಂದು ಅನಿಲವನ್ನು ಒಪ್ಪಿದರೆ ಅದೂ ಆಗುತ್ತದೆ, ದಿನಗಳು ಮಾತ್ರ ಹೆಚ್ಚು ಬೇಕು. 1995ರ ವಿಶ್ವ ವ್ಯಾಪಾರ ಸಂಘಟನೆಯ ಸಸ್ಯ ಆರೋಗ್ಯ ಒಪ್ಪಂದದ 4ನೇ ವಿಧಿ ಹೇಳುವುದೂ ಇದನ್ನೇ: ವಿಧಾನ ಬೇರೆಯಾದರೂ ರಕ್ಷಣೆ ಅಷ್ಟೇ ಎಂದು ರಫ್ತು ಮಾಡುವ ದೇಶ ತೋರಿಸಿಕೊಟ್ಟರೆ ಆಮದು ಮಾಡುವ ದೇಶ ಒಪ್ಪಬೇಕು. ಗಡಿಯ ಎರಡೂ ಕಡೆ ಒಂದೇ ನಿಯಮ ಬರೆಯುವುದಕ್ಕಿಂತ ಈ ದಾರಿ ಬೇಗ ಫಲ ಕೊಡುತ್ತದೆ ಎಂದು ನನ್ನ ಖಚಿತ ಅಭಿಪ್ರಾಯ. ಆದರೆ ಅದು ಸರ್ಕಾರಗಳ ನಡುವೆ ಮೊದಲೇ ಇತ್ಯರ್ಥವಾಗಿರಬೇಕು, ಲಾರಿ ಗಡಿಯಲ್ಲಿ ನಿಂತಾಗ ವಾದಿಸಿ ಪ್ರಯೋಜನವಿಲ್ಲ.

ಸರಕು ಕ್ವಾರಂಟೈನ್ ನಿಯಮಕ್ಕೆ ಹೊಂದುತ್ತದೆ ಎಂದು ಸರ್ಕಾರ ಕೊಡುವ ಫೈಟೊಸ್ಯಾನಿಟರಿ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವಾಗ ಸಸ್ಯಶಾಸ್ತ್ರೀಯ ಹೆಸರು ಪೈಪರ್ ನೈಗ್ರಮ್, ಚೀಲದ ಸಂಖ್ಯೆ, ನಿವ್ವಳ ತೂಕ, ಚೀಲದ ಗುರುತು ಇವೆಲ್ಲ ಇನ್‌ವಾಯ್ಸ್‌ಗೆ ಅಕ್ಷರಶಃ ಹೊಂದಬೇಕು. ಪರವಾನಗಿ ಕೇಳಿದ ಹೆಚ್ಚುವರಿ ಘೋಷಣೆಯ (ಇಂಥ ಕೀಟ ಇಲ್ಲ ಎಂಬಂಥ) ವಾಕ್ಯವನ್ನು ತಿದ್ದದೆ ನಕಲು ಮಾಡಿ. ಶ್ರೀಲಂಕಾದ ಮೆಣಸನ್ನು ನಮ್ಮದರ ಜತೆ ಬೆರೆಸಲೇಬೇಡಿ. ಆಮದಾದ ಸರಕು ಮತ್ತೆ ಹೊರಹೋಗುವಾಗ ಮರುರಫ್ತು ಪ್ರಮಾಣಪತ್ರವೇ ಬೇರೆ.

ಮೆಣಸಿನ ಬಳ್ಳಿಯ ಬೇರು ಬಂದ ಸಸಿಗೆ ಮೇಲಿನ ಯಾವುದೂ ಸಾಲದು. ಮಣ್ಣು, ಬೇರಿನ ಜಂತುಹುಳು, ಸೊರಗು ರೋಗದ ರೋಗಾಣು ಜತೆಗೇ ಸಾಗುವ ಕಾರಣ ನೆಡುವ ಸಾಮಗ್ರಿಯನ್ನು ಅತಿ ಅಪಾಯದ ವರ್ಗದಲ್ಲಿ ಇಡುತ್ತಾರೆ. ಅದಕ್ಕೆ ಪ್ರತ್ಯೇಕ ಪರವಾನಗಿಯಿಂದಲೇ ಮೊದಲುಮಾಡಬೇಕು.