ನಾಯಿ ಜೊತೆ ಚಾರ್ಮಾಡಿ ಘಾಟಿ ಇಳಿಯುವವರಿಗೆ

ಚಿಕ್ಕಮಗಳೂರಿನಿಂದ ಧರ್ಮಸ್ಥಳದ ಕಡೆ ನಾಯಿಯನ್ನು ಕಾರಲ್ಲಿ ಕರೆದುಕೊಂಡು ಹೋಗುವವರು, ಹೊರಡುವ 3-4 ಗಂಟೆ ಮೊದಲೇ ಅದಕ್ಕೆ ಊಟ ಹಾಕಿಬಿಡಿ. ಆಮೇಲೆ ನೀರು ಸಾಕು. ಕೊಟ್ಟಿಗೆಹಾರದಲ್ಲಿ ನಾವು ನೀರ್ದೋಸೆ ತಿನ್ನುವಾಗ ಅದು ಮುಖ ನೋಡುತ್ತದೆ, ನಿಜ. ಆದರೂ ಹಾಕಬೇಡಿ. ಅಲ್ಲಿಂದಾಚೆ ತಿರುವುಗಳು ಶುರು, ತಿಂದದ್ದೆಲ್ಲ ಸೀಟಿನ ಮೇಲೆ ಬರುತ್ತದೆ.

ಸುಮ್ನೆ ತುಟಿ ನೆಕ್ಕುತ್ತಾ ಜೊಲ್ಲು ಜಾಸ್ತಿ ಸುರಿಸಿದರೆ ವಾಂತಿ ಹತ್ತಿರ ಬಂತು ಅಂತ. ಜಾಗ ನೋಡಿ ಗಾಡಿ ನಿಲ್ಲಿಸಿ. ಘಾಟಿಯಲ್ಲಿ ಕೋತಿಗಳ ಕಾಟ ಇದೆ, ಬೆಲ್ಟ್ ಹಿಡಿಯದೆ ಬಾಗಿಲು ತೆಗೆಯಲೇಬೇಡಿ.

ಮಳೆಗಾಲದಲ್ಲಿ ಹುಲ್ಲಿಗೆ ಇಳಿಸಿದರೆ ಮತ್ತೆ ಹತ್ತಿಸುವ ಮುಂಚೆ ಕಾಲ್ಬೆರಳ ಸಂದು, ಕಿವಿ ನೋಡಿ. ಇಂಬಳ (ಜಿಗಣೆ) ಅಲ್ಲೇ ಕೂತಿರುತ್ತದೆ. ಎಳೆಯಬೇಡಿ. ಸಣ್ಣ ತುದಿ ಕಚ್ಚಿರುವ ಕಡೆ ಉಗುರು ತೂರಿಸಿ ಪಕ್ಕಕ್ಕೆ ಸರಿಸಿ, ಬಿಡುತ್ತದೆ. ಮೂಗಿನೊಳಗೆ ಹೋಗಿದ್ದರೆ ಮಾತ್ರ ಪಶುವೈದ್ಯರೇ ಗತಿ.