ನ್ಯೂಟ್ರಲ್ ತಂತಿಯಲ್ಲಿ ಎಷ್ಟು ಆಂಪ್ಸ್? ಹೀಗೆ ಲೆಕ್ಕ ಹಾಕಿ

ಹೋದ ಬೇಸಿಗೆಯಲ್ಲಿ ಬಳ್ಳಾರಿಯ ಒಂದು ಜೀನ್ಸ್ ಹೊಲಿಗೆ ಘಟಕದ ಮೇನ್ ಬೋರ್ಡ್ ತೆರೆದು ನೋಡಿದೆ. ಕರೆಂಟ್ ತರುವ ಮೂರು ಫೇಸ್ ವೈರ್ ಚೆನ್ನಾಗಿದ್ದವು, ಕರೆಂಟ್ ವಾಪಸ್ ಹೋಗುವ ನ್ಯೂಟ್ರಲ್ ಮಾತ್ರ ಕರಗಿ ಅಂಟಂಟಾಗಿತ್ತು. ಇಸ್ತ್ರಿ, ಕೂಲರ್ ಎಲ್ಲಾ ಒಂದೇ ಫೇಸಿಗೆ ಕೊಟ್ಟಿದ್ದರು. ಅದರ ಮೇಲೆ ನ್ಯೂಟ್ರಲಿಗೆ ತೆಳು ವೈರ್. "ಮೂರು ಫೇಸ್ ಇದ್ದರೆ ನ್ಯೂಟ್ರಲ್‌ನಲ್ಲಿ ಏನೂ ಹರಿಯಲ್ಲ ಸರ್" ಅಂದರು ವೈರಿಂಗ್ ಮಾಡಿದವರು. ಮೂರೂ ಫೇಸಿನ ಲೋಡ್ ಸಮ ಇದ್ದಾಗ ಮಾತ್ರ ಆ ಮಾತು ನಿಜ.

ಮೊದಲು ಟಾಂಗ್ ಟೆಸ್ಟರ್‌ನಿಂದ (ವೈರ್ ಸುತ್ತ ಕಚ್ಚಿಸಿ ಕರೆಂಟ್ ಅಳೆಯುವ ಮೀಟರ್) ಒಂದೊಂದೇ ಫೇಸ್ ಹಿಡಿದು ಆಂಪ್ಸ್ ಬರೆದುಕೊಳ್ಳಿ. ಎಲ್ಲ ಮಷೀನ್ ಓಡುವ ಹೊತ್ತಿನಲ್ಲೇ ಅಳೆಯಿರಿ. ಮೂರು ಫೇಸಿಗೆ ಆರ್, ವೈ, ಬಿ ಅಂತ ಹೆಸರು; ಆರ್ 40, ವೈ 25, ಬಿ 10 ಬಂತು ಅಂದುಕೊಳ್ಳಿ.

ಎಡವುವುದು ಇಲ್ಲೇ. ಕೆಲವರು ಮೂರನ್ನೂ ಕೂಡಿಸಿ 75 ಅನ್ನುತ್ತಾರೆ. ಇನ್ನು ಕೆಲವರು ದೊಡ್ಡದರಲ್ಲಿ ಚಿಕ್ಕದು ಕಳೆದು 30 ಅನ್ನುತ್ತಾರೆ. ಎರಡೂ ತಪ್ಪು. ಮೂರು ಫೇಸಿನ ಕರೆಂಟ್ ಒಂದೇ ಕ್ಷಣಕ್ಕೆ ಏರಿ ಇಳಿಯುವುದಿಲ್ಲ, ಒಂದರ ಹಿಂದೆ ಒಂದು 120 ಡಿಗ್ರಿ ಅಂತರದಲ್ಲಿ ಬರುತ್ತವೆ. ಹಾಗಾಗಿ ಸುಮ್ನೆ ಕೂಡಿ ಕಳೆದರೆ ಆಗದು.

ಪ್ರತಿ ಅಂಕಿಯ ವರ್ಗ ಮಾಡಿ ಕೂಡಿಸಿ: 1600, 625, 100, ಒಟ್ಟು 2325. ಆಮೇಲೆ ಎರಡೆರಡನ್ನು ಗುಣಿಸಿ ಕೂಡಿಸಿ: 40 ಗುಣಿಸು 25 ಅಂದರೆ 1000, 25 ಗುಣಿಸು 10 ಅಂದರೆ 250, 10 ಗುಣಿಸು 40 ಅಂದರೆ 400, ಒಟ್ಟು 1650. ಮೊದಲಿನದರಲ್ಲಿ ಇದನ್ನು ಕಳೆದರೆ 675. ಅದರ ವರ್ಗಮೂಲ ಸುಮಾರು 26. ನ್ಯೂಟ್ರಲ್‌ನಲ್ಲಿ 26 ಆಂಪ್ಸ್ ಹರಿಯುತ್ತಿದೆ!

ನಾನು ಮಾಡುವುದು ಇನ್ನೂ ಸುಲಭ. ಮೂರರಲ್ಲೂ ಚಿಕ್ಕ ಅಂಕಿ ಕಳೆದುಬಿಡಿ: 30, 15, 0. ಮೂರೂ ಕಡೆ ಸಮವಾಗಿರುವ 10 ಆಂಪ್ಸ್ ಒಂದನ್ನೊಂದು ಹೊಡೆದು ಹಾಕುತ್ತದೆ, ಅಲ್ವಾ? ಈಗ 900 ಕೂಡಿಸು 225, ಅದರಲ್ಲಿ ಕಳೆ 30 ಗುಣಿಸು 15, ಅಂದರೆ 450. ಅದೇ 675. ತ್ರೀ ಫೇಸ್ ಮೋಟಾರ್ ಎಷ್ಟೇ ದೊಡ್ಡದಿದ್ದರೂ ನ್ಯೂಟ್ರಲ್ ಲೆಕ್ಕ ಕೆಡದಿರುವುದು ಇದಕ್ಕೇ.

ಆದರೆ ಒಂದು ಫೇಸಿನಲ್ಲಿ ಇಸ್ತ್ರಿ, ಇನ್ನೊಂದರಲ್ಲಿ ಬರೀ ಸಿಂಗಲ್ ಫೇಸ್ ಮೋಟಾರ್ ಇದ್ದರೆ 120 ಡಿಗ್ರಿ ಅಂತರ ಉಳಿಯುವುದಿಲ್ಲ, ಉತ್ತರ ಆಚೀಚೆ ಆಗುತ್ತದೆ. ಎಲ್‌ಇಡಿ, ಕಂಪ್ಯೂಟರ್ ಜಾಸ್ತಿ ಇದ್ದರಂತೂ ಲೆಕ್ಕ ನಂಬಬೇಡಿ. ಅವು ಎಳೆಯುವ 150 ಹರ್ಟ್ಸ್ (ಮಾಮೂಲಿ 50 ಹರ್ಟ್ಸ್‌ನ ಮೂರು ಪಟ್ಟು ವೇಗದ) ಕರೆಂಟ್ ಮೂರೂ ಫೇಸಿನಿಂದ ಬಂದು ನ್ಯೂಟ್ರಲ್‌ನಲ್ಲಿ ಕೂಡಿಕೊಳ್ಳುತ್ತದೆ. ಲೋಡ್ ಸಮ ಇದ್ದರೂ ನ್ಯೂಟ್ರಲ್‌ನಲ್ಲಿ ಫೇಸಿಗಿಂತ ಜಾಸ್ತಿ ಹರಿಯಬಹುದು. ಅಲ್ಲಿ ನ್ಯೂಟ್ರಲ್‌ಗೇ ಟಾಂಗ್ ಹಾಕಿ ಅಳೆಯಿರಿ, ಟ್ರೂ ಆರ್‌ಎಂಎಸ್ ಮೀಟರ್‌ನಿಂದಲೇ (ಅಂಕುಡೊಂಕಾದ ಕರೆಂಟನ್ನೂ ಸರಿಯಾಗಿ ಅಳೆಯುವ ಮೀಟರ್). ಅಗ್ಗದ ಮೀಟರ್ ಇಂಥ ಕಡೆ ಕಡಿಮೆ ತೋರಿಸುತ್ತದೆ, ಕೊಳ್ಳಲೇಬೇಡಿ.

ನ್ಯೂಟ್ರಲ್ ವೈರ್ ಫೇಸಿನಷ್ಟಾದರೂ ದಪ್ಪ ಇರಲಿ. ಅರ್ಧ ಸೈಜಿನದು ನಾನಂತೂ ಒಪ್ಪುವುದಿಲ್ಲ. ನ್ಯೂಟ್ರಲ್‌ಗೆ ಫ್ಯೂಸ್ ಹಾಕಲೇಬಾರದು. ಫ್ಯೂಸ್ ಹೋಗಿ ನ್ಯೂಟ್ರಲ್ ಕಡಿದರೆ ಕಡಿಮೆ ಲೋಡಿನ ಫೇಸಿಗೆ 230ರ ಬದಲು 400ರ ಹತ್ತಿರದವರೆಗೂ ವೋಲ್ಟ್ ನುಗ್ಗಿ ಮಷೀನ್ ಸುಡಬಹುದು.

ಕೊನೆಗೆ ಲೋಡ್ ಹಂಚಿ. ಮೇಲಿನ ಲೆಕ್ಕದಲ್ಲಿ ಇಸ್ತ್ರಿಯ 12 ಆಂಪ್ಸ್ ಆರ್‌ನಿಂದ ಬಿ ಫೇಸಿಗೆ ಬದಲಿಸಿದರೆ 28, 25, 22. ಚಿಕ್ಕದು ಕಳೆದರೆ 6, 3, 0. ನ್ಯೂಟ್ರಲ್‌ನಲ್ಲಿ ಉಳಿಯುವುದು 5 ಆಂಪ್ಸ್ ಚಿಲ್ಲರೆ.