ಸ್ಪ್ಯಾನಿಶ್‌ನ 'ಎ ಕೊಮಿದೊ' ನನಗೆ ಹಿಡಿತಕ್ಕೆ ಸಿಕ್ಕಿದ್ದು ಕನ್ನಡದಿಂದ

ಸ್ಪ್ಯಾನಿಶ್ ಕಲಿಯಲು ನನಗೆ ಸಿಕ್ಕಿದ್ದೆಲ್ಲ ಇಂಗ್ಲಿಷ್ ಮೂಲಕವೇ. ಇಂಗ್ಲಿಷಿನಲ್ಲಿ 'ಹ್ಯಾವ್' ಒಂದೇ ಪದ, ಎರಡು ಕೆಲಸ: ಸ್ಕೂಟರ್ ಇದೆ ಅನ್ನಲೂ ಅದೇ, ಊಟ ಮಾಡಿದ್ದೇನೆ ಅನ್ನಲೂ ಅದೇ. ಸ್ಪ್ಯಾನಿಶ್‌ನಲ್ಲಿ ಬೇರೆ ಬೇರೆ. ನಮ್ಮ ಹತ್ತಿರ ಇರುವುದಕ್ಕೆ ತೆನೆರ್, ಮಾಡಿ ಆಗಿರುವುದಕ್ಕೆ ಅಬೆರ್. ನನಗೆ ತೊಡಕಾಗಿದ್ದು ಇಲ್ಲೇ.

ಹಂಪನಕಟ್ಟೆಯಿಂದ ಸುರತ್ಕಲ್ ಬಸ್ಸಿನಲ್ಲಿ ಕೂತು ಗೋಳಿಬಜೆ ತಿಂದ ಬಗ್ಗೆ ವಾಕ್ಯ ಕಟ್ಟುವಾಗ ಹೊಳೆಯಿತು, ನಾವು ತಿಂದಿದ್ದೇನೆ, ತಿಂದಿದ್ದೆ, ತಿಂದಿರುತ್ತೇನೆ ಅನ್ನುತ್ತೇವೆ ಅಲ್ವಾ, ಅದರಲ್ಲಿ 'ತಿಂದು' ಹಾಗೇ ಇರುತ್ತದೆ, ಬದಲಾಗುವುದು 'ಇರು' ಮಾತ್ರ. ಸ್ಪ್ಯಾನಿಶ್ ಕೂಡ ಹಾಗೇ, ಆದರೆ ಬದಲಾಗುವ ಅಬೆರ್ ಮೊದಲು ಬರುತ್ತದೆ: ಎ ಕೊಮಿದೊ (ತಿಂದಿದ್ದೇನೆ), ಅಬಿಯಾ ಕೊಮಿದೊ (ತಿಂದಿದ್ದೆ), ಅಬ್ರೆ ಕೊಮಿದೊ (ತಿಂದಿರುತ್ತೇನೆ). ನಾನು, ನೀನು, ಅವನು, ನಾವು, ಅವರು ಎಂಬುದಕ್ಕೆ ತಕ್ಕಂತೆ ಅಬೆರ್ ಆಗುವುದು ಎ, ಆಸ್, ಆ, ಎಮೊಸ್, ಆನ್. ಹೇಳುವವರು ಹೆಂಗಸಾದರೂ ಇಲ್ಲಿ ಕೊಮಿದೊ ಕೊಮಿದಾ ಆಗುವುದಿಲ್ಲ. ಇದು ನನಗೆ ತುಂಬಾ ಇಷ್ಟವಾಯಿತು.

ಕೊಮಿದೊ ಥರದ ರೂಪ ಮಾಡಲು, ಕ್ರಿಯಾಪದದ ಕೊನೆಗೆ ಆರ್ ಇದ್ದರೆ ಅದರ ಬದಲು ಆದೊ, ಎರ್ ಅಥವಾ ಇರ್ ಇದ್ದರೆ ಇದೊ. ಎಚೊ (ಮಾಡಿ), ದಿಚೊ (ಹೇಳಿ), ಬಿಸ್ತೊ (ನೋಡಿ), ಎಸ್ಕ್ರಿತೊ (ಬರೆದು) ಇಂಥ ಈ ನಿಯಮಕ್ಕೆ ಒಗ್ಗದವನ್ನು ಸುಮ್ನೆ ಬಾಯಿಪಾಠ ಮಾಡಿಬಿಡಿ, ಮಾತಿನಲ್ಲಿ ಜಾಸ್ತಿ ಬರುತ್ತವೆ.

ಇನ್ನೊಂದು ವಿಷಯ. ಇಂಗ್ಲಿಷಿನಲ್ಲಿ 'ಆಲ್‌ರೆಡಿ' ಮಧ್ಯೆ ಕೂರುತ್ತದೆ. ಸ್ಪ್ಯಾನಿಶ್‌ನಲ್ಲಿ 'ಎ ಕೊಮಿದೊ' ಥರದ ಜೋಡಿಯ ಮಧ್ಯೆ ಏನನ್ನೂ ತೂರಿಸಬೇಡಿ. ಆಗಲೇ ತಿಂದಿದ್ದೇನೆ ಅನ್ನಲು 'ಯಾ ಎ ಕೊಮಿದೊ'. ಅದನ್ನು ನೋಡಿಲ್ಲ ಅನ್ನಲು 'ನೋ ಲೋ ಎ ಬಿಸ್ತೊ'. ಯಾ, ನೋ, ಲೋ ಎಲ್ಲ ಮುಂಚೆಯೇ.